ಜತ್ತಿಯವರ ಎರಡು ಕಡತಗಳು: 1957 ಮತ್ತು 1977

ಬಸಪ್ಪ ದಾನಪ್ಪ ಜತ್ತಿಯವರನ್ನು ನಮ್ಮ ರಾಜಕೀಯ ಚರಿತ್ರೆ ಎರಡು ಸಾಲಿನಲ್ಲಿ ಮುಗಿಸಿಬಿಡುತ್ತದೆ. ನಿಜಲಿಂಗಪ್ಪನವರ ಎರಡು ಅವಧಿಗಳ ನಡುವೆ ಬಂದುಹೋದ ಮುಖ್ಯಮಂತ್ರಿ. ಆಮೇಲೆ ಉಪರಾಷ್ಟ್ರಪತಿ, ಐದು ತಿಂಗಳು ಹಂಗಾಮಿ ರಾಷ್ಟ್ರಪತಿ. ಸೌಮ್ಯ ಸ್ವಭಾವ, ಯಾರಿಗೂ ಎದುರಾಡದ ನಡೆ, ಆ ಕಾರಣಕ್ಕೇ ಒಲಿದುಬಂದ ಪದವಿಗಳು ಎಂಬ ಧಾಟಿ. ಸ್ವಭಾವದ ಮಾತು ಸರಿ. ಆದರೆ ಅವರ ಬಾಳಿನ ಎರಡು ಕಡತಗಳನ್ನು ಬಿಚ್ಚಿ ನೋಡಿದರೆ ಈ ತೀರ್ಪು ನಿಲ್ಲುವುದಿಲ್ಲ.

ಮೊದಲನೆಯದು ಹೊಲದ ಕಡತ. ಬೈಲಹೊಂಗಲ ತಾಲೂಕಿನ ದೊಡವಾಡದಂಥ ಊರಿನಿಂದ ನೋಡಿದರೆ ಅದರ ತೂಕ ತಿಳಿಯುತ್ತದೆ. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. 1948ರ ಮುಂಬಯಿ ಗೇಣಿ ಕಾಯ್ದೆ ಇಲ್ಲಿಯೂ ನಡೆಯುತ್ತಿತ್ತು. 1956ರ ತಿದ್ದುಪಡಿಯ ಪ್ರಕಾರ 1957ರ ಏಪ್ರಿಲ್ 1ರಂದು ಗೇಣಿದಾರನೇ ತಾನು ಉಳುವ ಹೊಲವನ್ನು ಕೊಂಡವನೆಂದು ಭಾವಿಸಬೇಕಿತ್ತು. ಅಷ್ಟರಲ್ಲಿ, 1956ರ ನವೆಂಬರ್ 1ರಂದು, ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಹೊಸ ರಾಜ್ಯದಲ್ಲಿ ಹಳೇ ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಎಂದು ಭಾಗಕ್ಕೊಂದು ಗೇಣಿ ಕಾನೂನು. ಎಲ್ಲಕ್ಕೂ ಒಂದೇ ಕಾಯ್ದೆ ಬರಲಿ ಎಂದು ಮೈಸೂರು ಸರ್ಕಾರ ಮುಂಬಯಿ ಕಾಯ್ದೆಯ ಆ ಕಲಮುಗಳನ್ನು ತಡೆಹಿಡಿಯಿತು. ಕೋರಿಗೆ, ಲಾವಣಿಗೆ ಹೊಲ ಮಾಡುತ್ತಿದ್ದ ಈ ಭಾಗದ ರೈತನಿಗೆ ಏಕೀಕರಣದ ಸಂತೋಷದ ಜೊತೆಗೇ ಬಿದ್ದ ಪೆಟ್ಟು ಇದು. ಏಕೀಕರಣದ ಚರಿತ್ರೆ ಬರೆದವರು ಇದರ ಕಡೆಗೆ ಇನ್ನಷ್ಟು ಗಮನ ಕೊಡಬೇಕಿತ್ತು.

ಏಕರೂಪದ ಕಾಯ್ದೆಗೆ ತಳಹದಿ ಹಾಕಲು 1957ರಲ್ಲಿ ನೇಮಿಸಿದ ಸಮಿತಿಗೆ ಜತ್ತಿ ಅಧ್ಯಕ್ಷರು. ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿ, ಜಮಖಂಡಿಯಲ್ಲಿ ವಕೀಲಿ ಮಾಡಿ, ಆ ಸಂಸ್ಥಾನದ ಮಂತ್ರಿಯೂ ಆಗಿದ್ದವರಿಗೆ ಗೇಣಿಯ ವ್ಯವಹಾರ ಹೊಸದಲ್ಲ. 1958ರ ಮೇ ತಿಂಗಳಲ್ಲಿ ಅವರೇ ಮುಖ್ಯಮಂತ್ರಿಯಾದರು. ಅವರ ಅವಧಿಯಲ್ಲೇ ಭೂಸುಧಾರಣಾ ಕಾಯ್ದೆ, 1961 ಅಂಗೀಕಾರವಾಯಿತು. ಜಾರಿಗೆ ಬಂದದ್ದು ಮಾತ್ರ 1965ರ ಅಕ್ಟೋಬರ್ 2ರಂದು. ಅದರಲ್ಲಿ ಲೋಪಗಳಿದ್ದವು. ಸ್ವಂತ ಸಾಗುವಳಿಗೆಂದು ಒಡೆಯ ಹೊಲ ಹಿಂದಕ್ಕೆ ಪಡೆಯುವ ದಾರಿ ತೆರೆದೇ ಇತ್ತು. ಬಾಯಿಮಾತಿನ ಗೇಣಿಗೆ ಉತಾರದಲ್ಲಿ ಹೆಸರಿಲ್ಲ. ಹೆಸರಿಲ್ಲದವನು ಹಕ್ಕು ಸಾಧಿಸುವುದು ಹೇಗೆ? ಈ ಟೀಕೆಯನ್ನು ಜತ್ತಿಯವರು ಹೊರಲೇಬೇಕು. ಆದರೂ 1974ರಲ್ಲಿ ದೇವರಾಜ ಅರಸು ತಂದದ್ದು ಬೇರೆ ಕಾಯ್ದೆಯಲ್ಲ, ಇದೇ 1961ರ ಕಾಯ್ದೆಗೆ ಮಾಡಿದ ಗಟ್ಟಿ ತಿದ್ದುಪಡಿ. ಫಾರಂ ನಂಬರ್ 7 ತುಂಬಿ ನ್ಯಾಯಮಂಡಳಿಯ ಮುಂದೆ ನಿಂತ ಗೇಣಿದಾರರು ಹಕ್ಕು ಕೇಳಿದ್ದು ಈ ಕಾಯ್ದೆಯಡಿಯಲ್ಲೇ. ಅರಸರಿಗೆ ಸಲ್ಲಬೇಕಾದ ಕೀರ್ತಿ ಸಲ್ಲಲಿ. ಅಡಿಗಲ್ಲು ಇಟ್ಟವರ ಹೆಸರೂ ಉಳಿಯಲಿ.

ಎರಡನೆಯ ಕಡತ ದೆಹಲಿಯದು. 1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡರು. ಉಪರಾಷ್ಟ್ರಪತಿ ಜತ್ತಿ ಹಂಗಾಮಿ ರಾಷ್ಟ್ರಪತಿಯಾದರು. ಮಾರ್ಚ್ 21ರಂದು ತುರ್ತು ಪರಿಸ್ಥಿತಿ ರದ್ದಾದದ್ದು ಅವರು ಆ ಸ್ಥಾನದಲ್ಲಿದ್ದಾಗ. ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದವರೂ ಅವರೇ. ನಿಜವಾದ ಪರೀಕ್ಷೆ ಬಂದದ್ದು ಏಪ್ರಿಲ್‌ನಲ್ಲಿ. ಲೋಕಸಭೆ ಚುನಾವಣೆಯಲ್ಲಿ ಕಾಂಗ್ರೆಸ್ ಸೋತಿದೆ, ಆದ್ದರಿಂದ ಆ ಪಕ್ಷದ ಆಡಳಿತವಿರುವ ಒಂಬತ್ತು ರಾಜ್ಯಗಳ ವಿಧಾನಸಭೆಗಳೂ ಜನರ ವಿಶ್ವಾಸ ಕಳೆದುಕೊಂಡಿವೆ ಎಂಬುದು ಜನತಾ ಸರ್ಕಾರದ ವಾದ. ಆರು ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಏಪ್ರಿಲ್ 29ರಂದು ದಾವೆಗಳು ವಜಾ ಆದವು. ಈ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂಬ ಸಂಪುಟದ ಸಲಹೆ ಕೈಗೆ ಬಂದರೂ ಜತ್ತಿ ಕೂಡಲೇ ರುಜು ಹಾಕಲಿಲ್ಲ, ಯೋಚಿಸಲು ಸಮಯ ಕೇಳಿದರು. ಸಂಪುಟ ಪಟ್ಟು ಹಿಡಿಯಿತು. ಮರುದಿನ, 30ರಂದು, ಘೋಷಣೆಗಳಿಗೆ ರುಜು ಬಿತ್ತು.

ಜತ್ತಿ ಹಳೆಯ ಕಾಂಗ್ರೆಸ್ಸಿಗರು, ಪಕ್ಷನಿಷ್ಠೆಗಾಗಿ ತಡಮಾಡಿದರು ಎಂದು ಆಗ ಟೀಕೆ ಬಂತು. ಮನಸ್ಸಿನೊಳಗಿನ ಲೆಕ್ಕ ಏನೇ ಇರಲಿ, ಸಂಶೋಧಕ ನೋಡಬೇಕಾದದ್ದು ಅವರ ಕೈಯಲ್ಲಿದ್ದ ಅಧಿಕಾರವನ್ನು. ಸಂಪುಟದ ಸಲಹೆಯಂತೆಯೇ ರಾಷ್ಟ್ರಪತಿ ನಡೆಯತಕ್ಕದ್ದು ಎಂದು ಸಂವಿಧಾನದ 42ನೇ ತಿದ್ದುಪಡಿ ಕೆಲವೇ ತಿಂಗಳ ಹಿಂದೆ ಅವರ ಕೈ ಕಟ್ಟಿತ್ತು. ಮರುಪರಿಶೀಲನೆಗೆ ಹಿಂದಿರುಗಿಸುವ ಕಲಮೂ ಇರಲಿಲ್ಲ. ಆ ಇಕ್ಕಟ್ಟಿನಲ್ಲಿ ಒಂದು ದಿನದ ತಡೆ ಹಾಕಿದ್ದನ್ನು ನಾನು ದೌರ್ಬಲ್ಯವೆಂದು ಓದಲಾರೆ. ಸಲಹೆಯನ್ನು ಒಮ್ಮೆ ಹಿಂದಕ್ಕೆ ಕಳಿಸುವ ಅಧಿಕಾರವನ್ನು 1978ರ 44ನೇ ತಿದ್ದುಪಡಿ ರಾಷ್ಟ್ರಪತಿಗೆ ಕೊಟ್ಟಿತು. ಅದನ್ನು ತಂದದ್ದೂ ಅದೇ ಜನತಾ ಸರ್ಕಾರ.

1980ರಲ್ಲಿ ಇಂದಿರಾ ಗಾಂಧಿ ಅಧಿಕಾರಕ್ಕೆ ಮರಳಿದಾಗ ಇದೇ ಮೇಲ್ಪಂಕ್ತಿ ಹಿಡಿದು ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಿದರು. 1989ರಲ್ಲಿ ಹುಬ್ಬಳ್ಳಿಯ ಎಸ್. ಆರ್. ಬೊಮ್ಮಾಯಿಯವರ ಸರ್ಕಾರ ರಾಷ್ಟ್ರಪತಿ ಆಳ್ವಿಕೆ ಹೇರುವ 356ನೇ ವಿಧಿಗೆ ಬಲಿಯಾಯಿತು. ಅವರು ಹೂಡಿದ ವ್ಯಾಜ್ಯದಲ್ಲಿ 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು: ಇಂಥ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು, ಸಂಸತ್ತಿನ ಎರಡೂ ಸದನಗಳು ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಜತ್ತಿಯವರ ಮುಂದೆ ಬಂದಿದ್ದ ಕಾಗದಗಳು ಸಂಸತ್ತಿನ ಒಪ್ಪಿಗೆಗೆ ಕಾಯದೆ ಸಭೆಗಳನ್ನು ವಿಸರ್ಜಿಸುವಂಥವೇ ಆಗಿದ್ದವು.