ನರ: ಹುರಿಯಿಂದ ಕೋಶಕ್ಕೆ

ಮನುಷ್ಯ ಎಂಬರ್ಥದ ಸಂಸ್ಕೃತ ‘ನರ’ಕ್ಕೂ ನಮ್ಮ ಮೈಯೊಳಗಿನ ‘ನರ’ಕ್ಕೂ ನಂಟಿಲ್ಲ. ಇದು ಅಚ್ಚ ದ್ರಾವಿಡ ಪದ. ತಮಿಳಿನ ನರಂಬು, ಮಲಯಾಳದ ಞರಂಬು, ತೆಲುಗಿನ ನರಮು ಇದರ ಜ್ಞಾತಿಪದಗಳು. ಹಳೆಯ ತಮಿಳಿನಲ್ಲಿ ಯಾಳ್ ವಾದ್ಯದ ತಂತಿಯೂ ನರಂಬೇ. ಎಳೆದು ಬಿಗಿದ ಹುರಿಯಂಥದ್ದೆಲ್ಲ ನರ ಎಂದಾಯಿತು. ಇಂದಿಗೂ ಆ ಹರಹು ಹೋಗಿಲ್ಲ. ಇಂಜೆಕ್ಷನ್ ಕೊಡಲು ನರ್ಸ್ ಹುಡುಕುವ ನರ ರಕ್ತನಾಳ. ಹಿಮ್ಮಡಿಯ ಮೇಲೆ ಹಿಡಿದುಕೊಳ್ಳುವ ನರ ಮೂಳೆಗೆ ಅಂಟಿದ ಹುರಿ. ‘ನರದ ಡಾಕ್ಟರು’ ನೋಡುವುದು ಮೂರನೆಯದನ್ನು, ಮೆದುಳಿನ ಅಪ್ಪಣೆ ಒಯ್ಯುವ ಎಳೆಯನ್ನು.

ಗ್ರೀಕಿನ ‘ನ್ಯೂರಾನ್’ ಕೂಡ ಮೊದಲಿಗೆ ಹುರಿಯೇ. ಕ್ರಿ.ಪೂ. 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಹೀರೋಫಿಲಸ್, ಎರಾಸಿಸ್ಟ್ರಾಟಸ್ ಶವ ಕೊಯ್ದು ನೋಡಿ, ಮೆದುಳು–ಬೆನ್ನುಹುರಿಗಳಿಂದ ಹೊರಡುವ ಎಳೆಗಳನ್ನು ಬೇರೆ ಎಂದು ಗುರುತಿಸಿದರು. 1891ರಲ್ಲಿ ಜರ್ಮನಿಯ ವಾಲ್ಡೆಯರ್ ಆ ಹೆಸರನ್ನು ಒಂದು ಜೀವಕೋಶಕ್ಕಿಟ್ಟ. ಅದೇ ಬೇರಿನ ಸಂಸ್ಕೃತ ‘ಸ್ನಾಯು’ ಸುಶ್ರುತನಲ್ಲಿ ಕಟ್ಟುವ ಹುರಿ. ಇಂದಿನ ಕನ್ನಡದಲ್ಲಿ ಮಾಂಸಖಂಡ. ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ ಕಡಿದುಹೋಗುವುದು ಈ ಇಬ್ಬರು ದಾಯಾದಿಗಳ ನಂಟೇ. ಕೋಶ ಸಾಯುತ್ತದೆ, ಅಪ್ಪಣೆ ಬಾರದೆ ಸ್ನಾಯು ಸೊರಗುತ್ತದೆ.

‘ನರದ ವೀಕ್ನೆಸ್ಸು’ ಎಂದು ಕೇಳಿಸಿಕೊಂಡ ಮನೆಯವರು ಕಾಲಿಗೆ ಎಣ್ಣೆ ತಿಕ್ಕುತ್ತಾರೆ. ಅವರ ಮನಸ್ಸಿನಲ್ಲಿರುವುದು ಸಡಿಲಾದ ಹುರಿ, ಅವರನ್ನು ದೂರಲಾಗದು. ಆದರೆ ಒಂದೇ ಮಾತಿನಡಿ ಎಷ್ಟು ಬೇರೆ ಬೇರೆ ಬಾಳುಗಳಿವೆ! 1984ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಎಂ. ಗೌರಿದೇವಿ ಮತ್ತು ಸಂಗಡಿಗರು ಒಂದೇ ಕೈ ಅಥವಾ ಒಂದೇ ಕಾಲು ಸೊರಗುವ ಕಾಯಿಲೆಯನ್ನು ‘ಮೋನೋಮೆಲಿಕ್ ಅಮಯೋಟ್ರೋಫಿ’ ಎಂದು ಕರೆದರು. ಹೆಚ್ಚಾಗಿ ಹರೆಯದ ಗಂಡಸರಿಗೆ ಬರುವ ಅದು ಕೆಲವು ವರ್ಷ ಬೆಳೆದು ಸಾಮಾನ್ಯವಾಗಿ ನಿಂತುಬಿಡುತ್ತದೆ. ಮೋಟಾರ್ ನ್ಯೂರಾನ್ ಕಾಯಿಲೆಗಳಲ್ಲೊಂದಾದ ಎಎಲ್‌ಎಸ್ ಹಾಗಲ್ಲ, ಉಸಿರಾಟದ ಸ್ನಾಯುಗಳವರೆಗೂ ಹೋಗುತ್ತದೆ. ಇವೆರಡನ್ನೂ ‘ನರದ ಕಾಯಿಲೆ’ ಎಂದಷ್ಟೇ ಹೇಳಿ ಕಳಿಸುವುದು ನನಗೆ ಅನ್ಯಾಯವೆನಿಸುತ್ತದೆ.

ಪಠ್ಯಪುಸ್ತಕದ ‘ನರಕೋಶ’ದಲ್ಲಿ ‘ಕೋಶ’ವನ್ನು ಒತ್ತಿ ಹೇಳಬೇಕು, ಸಂಶೋಧನೆ ನಡೆದಿರುವುದು ಅಲ್ಲೇ. ಕೆಲವು ಕುಟುಂಬಗಳ ಎಎಲ್‌ಎಸ್‌ಗೆ ಎಸ್‌ಒಡಿ1 ಜೀನಿನ ದೋಷ ಕಾರಣವೆಂದು 1993ರಲ್ಲಿ ತಿಳಿಯಿತು. ಆ ಜೀನು ಕೊಡುವ ಪ್ರೋಟೀನು ಸರಿಯಾಗಿ ಮಡಚಿಕೊಳ್ಳದೆ ಕೋಶಕ್ಕೆ ವಿಷವಾಗುತ್ತದೆ. 2023ರಲ್ಲಿ ಅಮೆರಿಕ ಒಪ್ಪಿದ ಟೋಫರ್ಸೆನ್ ಆ ಪ್ರೋಟೀನಿನ ಆರ್‌ಎನ್‌ಎ ಸಂದೇಶವನ್ನೇ ಹಿಡಿದು, ಪ್ರೋಟೀನು ಹುಟ್ಟುವ ಮೊದಲೇ ಒಡೆಸುತ್ತದೆ. ಈ ಔಷಧ ಎಸ್‌ಒಡಿ1 ದೋಷವಿರುವ ಅಲ್ಪಸಂಖ್ಯಾತರಿಗೆ ಮಾತ್ರ. ಉಳಿದ ಹೆಚ್ಚಿನವರ ಕೋಶಗಳಲ್ಲಿ ಟಿಡಿಪಿ-43 ಎಂಬ ಇನ್ನೊಂದು ಪ್ರೋಟೀನು ಕೋಶಕೇಂದ್ರ ಬಿಟ್ಟು ಹೊರಗೆ ಗಂಟುಕಟ್ಟಿರುತ್ತದೆ. 2006ರಲ್ಲಿ ಗೊತ್ತಾದ ಆ ಗಂಟನ್ನು ಬಿಡಿಸುವ ಔಷಧ ಇನ್ನೂ ಕೈಗೆ ಬಂದಿಲ್ಲ.