ಬಂಡೆಯ ಮೇಲಿನ ಮನೆ, ಕಾಲಡಿಯ ನೆಲ

ಕೇರಿಯವರು ಕ್ರಿಸ್ತನನ್ನು ನಂಬಿದರೆ ಮೇಲ್ಜಾತಿಯವರ ಬಾಯಲ್ಲಿ ಬರುವುದು ಒಂದೇ ಮಾತು: ಹಾಲಿನ ಪುಡಿಗೆ ಹೋದರು, ಗೋಧಿಗೆ ಹೋದರು. ನಾವು ಇದನ್ನು ಕೇಳಿ ಕೇಳಿಯೇ ಬೆಳೆದವರು. ಆಯ್ತು ಸ್ವಾಮಿ, ಹೋದವರಿಗೆ ಸಿಕ್ಕಿದ್ದು ನಿಮಗೆ ಗೊತ್ತು. ಅವರು ಕಳಕೊಂಡದ್ದು ಏನು? ಆ ಲೆಕ್ಕ ತೆಗೆಯದೆ ಬರೆದ ಚರಿತ್ರೆ ಒಡೆಯನ ಮನೆಯ ಕಡತ, ಅಷ್ಟೆ.

1834ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಗಳು ಮಂಗಳೂರಿಗೆ ಬಂದರು. ಅವರ ಸಭೆ ಸೇರಿದವರಲ್ಲಿ ಬಿಲ್ಲವರೇ ಹೆಚ್ಚು. ಸಭೆಯಲ್ಲಿ ಜಾತಿ ಇಟ್ಟುಕೊಳ್ಳುವಂತಿರಲಿಲ್ಲ, ಕೂಡಿ ಉಣ್ಣಬೇಕು. ಸೇಂದಿ ಇಳಿಸುವ ಕಸುಬು ಬಿಡಬೇಕು. ಇತ್ತ ಕುಲದವರು ಹೊರಗೆ ಹಾಕಿದರು, ಧಣಿ ಗೇಣಿ ಕಿತ್ತುಕೊಂಡ. ನಂಬಿಕೆಯೊಂದು ಉಳೀತು, ಹೊಟ್ಟೆಗಿಲ್ಲ. ಹಾಲಿನ ಪುಡಿಯ ಕತೆ ಹೇಳುವವರು ಇದನ್ನು ಹೇಳೋದಿಲ್ಲ. ಹೀಗೆ ಬೀದಿಗೆ ಬಿದ್ದವರಿಗೆ ಅನ್ನ ಹುಡುಕಬೇಕಾಗಿ ಮಿಶನ್ 1851ರಲ್ಲಿ ನೇಯ್ಗೆ ಶುರು ಮಾಡಿತು. 1865ರಲ್ಲಿ ಪ್ಲೆಬ್‌ಸ್ಟ್ ಎಂಬವನು ಹೆಂಚಿನ ಕಾರ್ಖಾನೆ ಹಾಕಿದ.

ನಮ್ಮ ಮನ್ಮನೆ, ಸಿದ್ದಾಪುರ, ಶಿರಸಿ ಕಡೆಯ ಮನೆಗಳ ಮಾಡು ನೋಡಿ. ಮಂಗಳೂರು ಹೆಂಚು. ಆ ಕಸುಬಿನ ಮೊದಲ ಮಣ್ಣು ಕಲಸಿದ್ದು ಜಾತಿಗೆಟ್ಟವರು ಅನಿಸಿಕೊಂಡವರ ಕೈ. ನಮ್ಮನ್ನು ಜಗಲಿ ಹತ್ತಿಸದ ಮನೆ, ಆ ಕೈ ಕಲಿಸಿದ ಹೆಂಚಿನಡಿಯಲ್ಲೇ ಮಳೆಗಾಲ ಕಳೀತಾ ಬಂದಿದೆ. ಹೆಂಚಿಗೆ ಮೈಲಿಗೆ ಇಲ್ಲ, ಮನುಷ್ಯನಿಗೆ ಉಂಟು!

ಕೊಡಗಿನಲ್ಲೂ ಒಂದು ಸಿದ್ದಾಪುರ ಇದೆ. ಅದರ ಹತ್ತಿರ ಆನಂದಪುರ. ಕೊಡಗಿನ ಹೊಲೆಯರಲ್ಲಿ ಭೂಮಿ ಜಮ್ಮದಾಳು ಅಂದರೆ ಹೊಲದ ಜೊತೆಗೆ ಮಾರಾಟವಾಗುವವನು, ಒಕ್ಕಲು ಜಮ್ಮದಾಳು ಅಂದರೆ ಮನೆಯ ಸ್ವತ್ತು. 1843ರಲ್ಲಿ ಜೀತವನ್ನು ಕಾನೂನು ಕೈಬಿಟ್ಟಿತು. ಧಣಿ ಕೈಬಿಟ್ಟನೇ? ಮರುವರ್ಷ, 1844ರಲ್ಲಿ, ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಹುಡುಗ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದ. ಹರ್ಮನ್ ಮೋಗ್ಲಿಂಗ್ ಕೊಡಗಿಗೆ ಹೋದ ಮೇಲೆ, 1850ರ ದಶಕದಲ್ಲಿ, ಹೊಲೆಯರಿಗಾಗಿ ಭೂಮಿ ಕೊಂಡು ಊರು ಕಟ್ಟಿದರು. ಅದಕ್ಕೆ ಆನಂದರಾಯನ ಹೆಸರೇ ನಿಂತಿತು. ಭೂಮಿಯ ಜೊತೆ ಮಾರಾಟವಾಗುತ್ತಿದ್ದವನು ಭೂಮಿಯ ಮೇಲೆ ಗುಡಿಸಲು ಹಾಕಿದ. ನಾವು ನಂಬಿಕೆಯ ಅಡಿಪಾಯ ಅಂತ ಕರೆಯೋದು ಇದನ್ನು. ಯೇಸು ಹೇಳಿದ ಕತೆಯಲ್ಲಿ ಬುದ್ಧಿವಂತ ಬಂಡೆಯ ಮೇಲೆ ಮನೆ ಕಟ್ಟುತ್ತಾನೆ, ದಡ್ಡ ಮರಳಿನ ಮೇಲೆ. ಸರಿ, ಆದರೆ ಬಂಡೆ ಯಾರ ಜಮೀನಿನಲ್ಲಿತ್ತು? ನಮ್ಮ ಕೇರಿಯವರು ಮೊದಲು ಕೇಳಬೇಕಾದ ಪ್ರಶ್ನೆ ಅದು.

ಪಾದ್ರಿಗಳನ್ನು ನಾವು ದೇವರು ಮಾಡೋದಿಲ್ಲ. ಅವರೇ ಗುರು, ಅವರೇ ಯಜಮಾನ, ಮನೆ ಕೊಟ್ಟವರೂ ಅವರೇ. ಅಂಥಲ್ಲಿ ಕೂಲಿ ಕೇಳುವ ಬಾಯಿಗೆ ಪ್ರಾರ್ಥನೆಯ ಬೀಗ ಬೀಳುವುದು ಸುಲಭ. ಆದರೆ 1914ರ ಯುದ್ಧ ಬಂತು. ಜರ್ಮನರನ್ನು ಸರಕಾರ ಹಿಡಿದು ಕೂಡಿಹಾಕಿತು, ಕಾರ್ಖಾನೆಗಳು ಬೇರೆಯವರ ಕೈಗೆ ಹೋದವು. ಸಭೆ ಚದುರಲಿಲ್ಲ. ಬರೀ ಗೋಧಿಗೆ ಕಟ್ಟಿದ ಮನೆ ಆಗಿದ್ದರೆ ಅವತ್ತೇ ಕುಸಿಯಬೇಕಿತ್ತು. ನಮ್ಮ ಕಡೆ ನೆಲದಿಂದ ಕಡಿಯುವಾಗ ಚಿರೆಕಲ್ಲು ಮೆತ್ತಗಿರುತ್ತದೆ. ಗಾಳಿ ಬಿಸಿಲು ತಿಂದು ಗಟ್ಟಿಯಾಗುತ್ತದೆ. ಈ ಜನರ ನಂಬಿಕೆಯೂ ಅಂಥದೇ.

ಘಟ್ಟದ ಮೇಲೆ ಯಲ್ಲಾಪುರ, ಹಳಿಯಾಳದ ಕಾಡಿನಲ್ಲಿರುವ ಸಿದ್ದಿಗಳನ್ನೇ ನೋಡಿ. ಅವರ ಹಿರಿಯರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತಂದರು. ಎಷ್ಟೋ ಜನ ತಪ್ಪಿಸಿಕೊಂಡು ಕಾಡು ಸೇರಿದರು. ಇವತ್ತು ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರಿಸ್ತರೂ ಇದ್ದಾರೆ. ಸರಪಳಿ ಹಾಕಿದವನ ಕೈಲೂ ಶಿಲುಬೆ ಇತ್ತು. ಸರಪಳಿ ಬಿಸಾಕಿದರು, ಶಿಲುಬೆಯನ್ನು ತಮ್ಮದು ಮಾಡಿಕೊಂಡರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದಾಗ ನಿನ್ನ ದೇವರು ಯಾರು ಅಂತ ಕಾನೂನು ಕೇಳಲಿಲ್ಲ.

ಹೊಲೆಯ ಮಾದಿಗರನ್ನು ಮಾತ್ರ ಕೇಳುತ್ತದೆ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಗೆ ಧರ್ಮದ ಬೇಲಿ ಹಾಕಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬೇಲಿ ತೆರೆಯಿತು. ಕ್ರಿಸ್ತರಿಗೆ ಇಲ್ಲ. ಮದರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬ ಆದಿದ್ರಾವಿಡ, ಹಿಂದೂ ಚಮ್ಮಾರರಿಗೆ ಸರಕಾರ ಕೊಟ್ಟ ಗೂಡಂಗಡಿ ತನಗೂ ಬೇಕು ಅಂತ ಸುಪ್ರೀಂ ಕೋರ್ಟಿಗೆ ಹೋದ. 1985ರಲ್ಲಿ ಕೋರ್ಟು ಹೇಳಿತು: ಕ್ರಿಸ್ತನಾದ ಮೇಲೂ ನಿನ್ನ ಜಾತಿಯ ಕಷ್ಟ ಅಷ್ಟೇ ಇದೆ ಅನ್ನೋದಕ್ಕೆ ಪುರಾವೆ ಸಾಲದು. ಅದೇ ಉಳಿ, ಅದೇ ಚರ್ಮ, ಅದೇ ಬೀದಿ. ಇನ್ನೆಂಥ ಪುರಾವೆ? 2007ರಲ್ಲಿ ರಂಗನಾಥ ಮಿಶ್ರ ಆಯೋಗ ಈ ಬೇಲಿ ಕೀಳಿ ಅಂದಿತು. ಕೀಳದೆ 2022ರಲ್ಲಿ ಇನ್ನೊಂದು ಆಯೋಗ ಕೂರಿಸಿದರು.

ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ಬುದ್ಧನ ಕಡೆ ನಡೆದರು. ನಮ್ಮವರೇ ಕೆಲವರು ಯೇಸುವಿನ ಕಡೆ ನಡೆದರು. ನಾವು ದಾರಿಗಳನ್ನು ತೂಗಲು ಕೂತಿಲ್ಲ. ಮನುಷ್ಯ ತನ್ನ ಬದುಕಿಗೆ ಯಾವ ಕಲ್ಲು ಹೂಡುತ್ತಾನೋ ಅದು ಅವನ ಇಷ್ಟ. ಕಲ್ಲು ಹೂಡಿದ್ದಕ್ಕೆ ನೆಲ ಕಿತ್ತುಕೊಳ್ಳುವ ಹಕ್ಕು ಧಣಿಗೆ ಅವತ್ತೂ ಇರಲಿಲ್ಲ, ಸರಕಾರಕ್ಕೆ ಇವತ್ತೂ ಇಲ್ಲ.