ಇಂಗ್ಲೆಂಡಿನ ಹಂಗಾಮಿಗೆ ಹೋದವರು

ಸಮೀರವಾಡಿಯಲ್ಲಿ ಹಂಗಾಮು ಅಂದರೆ ಕಬ್ಬು ನುರಿಸುವ ಕಾಲ. ಕಾರ್ಖಾನೆ ಶುರುವಾಗುತ್ತಲೇ ಕಟಾವಿನ ಗ್ಯಾಂಗುಗಳು ಬಂದಿಳಿಯುತ್ತವೆ. ಕಬ್ಬು ಮುಗಿದರೆ ಗುಡಿಸಲು ಕಿತ್ತು ಹೊರಡುತ್ತವೆ. ಇಂಗ್ಲೆಂಡಿನ ಕೌಂಟಿ ಕ್ರಿಕೆಟ್ಟಿಗೂ ಇಂಥದೇ ಹಂಗಾಮಿದೆ, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ. ಅಲ್ಲಿಗೂ ಹೊರಗಿನ ಆಳು ಬೇಕು. ಕರ್ನಾಟಕದಿಂದ ಹೋದವರು ಕೆಲವರೇ, ಆದರೆ ಯಾರೂ ಕೈಕಟ್ಟಿ ಕೂರಲಿಲ್ಲ.

ಕೌಂಟಿ ಚಾಂಪಿಯನ್‌ಷಿಪ್ ಅಧಿಕೃತವಾದದ್ದು 1890ರಲ್ಲಿ. ಪರದೇಶದ ಆಟಗಾರರು ಮೊದಲು ಅಲ್ಲೇ ವಾಸವಿದ್ದು ಅರ್ಹತೆ ಗಳಿಸಬೇಕಿತ್ತು. 1968ರಲ್ಲಿ ಆ ನಿಯಮ ಸಡಿಲವಾಯಿತು. ಫಾರೂಕ್ ಎಂಜಿನಿಯರ್ ಲ್ಯಾಂಕಾಷೈರ್‌ಗೆ, ಬಿಷನ್ ಸಿಂಗ್ ಬೇಡಿ ನಾರ್ಥಾಂಪ್ಟನ್‌ಷೈರ್‌ಗೆ, ವೆಂಕಟರಾಘವನ್ ಡರ್ಬಿಷೈರ್‌ಗೆ ಆಡಿದರು. ನಮ್ಮ ಪ್ರಸನ್ನ, ವಿಶ್ವನಾಥ್ ಮಾತ್ರ ಕೌಂಟಿ ಅಂಗಿ ತೊಡಲಿಲ್ಲ. 1971ರಲ್ಲಿ ಓವಲ್‌ನಲ್ಲಿ 38 ರನ್‌ಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನೇ ಮಣಿಸಿದ ಚಂದ್ರಶೇಖರ್ ಕೂಡ! ನಷ್ಟ ಕೌಂಟಿಗಳದ್ದೇ.

ಬಾಕಿ ತೀರಿದ್ದು 1995ರಲ್ಲಿ, ಅದೂ ಬಡ್ಡಿ ಸಮೇತ.

ಬೇಡಿ ಆಡಿದ್ದ ನಾರ್ಥಾಂಪ್ಟನ್‌ಷೈರ್‌ಗೇ ಅನಿಲ್ ಕುಂಬ್ಳೆ ಹೋದರು. ಎರಡು ವರ್ಷದ ಹಿಂದಷ್ಟೇ ಚಾಂಪಿಯನ್‌ಷಿಪ್‌ನ ಎಲ್ಲ ಪಂದ್ಯಗಳೂ ನಾಲ್ಕು ದಿನದವಾಗಿದ್ದವು. ಪಿಚ್ ಸವೆಯುವವರೆಗೆ ಕಾಯಬಲ್ಲ ಸ್ಪಿನ್ನರ್‌ಗೆ ಇನ್ನೇನು ಬೇಕು? ಕುಂಬ್ಳೆ 105 ವಿಕೆಟ್ ಕಿತ್ತರು. ಮರುವರ್ಷ ವಿಸ್ಡನ್ ಅವರನ್ನು ವರ್ಷದ ಐವರು ಆಟಗಾರರಲ್ಲಿ ಸೇರಿಸಿತು. 1995ರ ಅದೇ ಬೇಸಿಗೆಯಲ್ಲಿ ವೆಸ್ಟ್ ಇಂಡೀಸ್ ತಂಡದ ಜೊತೆ ಪ್ರವಾಸದಲ್ಲಿದ್ದ ಕೋರ್ಟ್ನಿ ವಾಲ್ಷ್ ಜಾಗಕ್ಕೆ ಗ್ಲಾಸ್ಟರ್‌ಷೈರ್ ಸೇರಿದ ಜಾವಗಲ್ ಶ್ರೀನಾಥ್ 87 ವಿಕೆಟ್ ಪಡೆದರು. ಅಬರ್ಗವೆನ್ನಿಯಲ್ಲಿ ಗ್ಲಾಮರ್ಗನ್ ವಿರುದ್ಧ ಒಂದೇ ಇನಿಂಗ್ಸ್‌ನಲ್ಲಿ 76 ರನ್‌ಗೆ 9! ಆದರೆ ಅದೇ ಪಂದ್ಯದಲ್ಲಿ ಆಂಡ್ರ್ಯೂ ಸೈಮಂಡ್ಸ್ 16 ಸಿಕ್ಸರ್ ಸಿಡಿಸಿ ಔಟಾಗದೆ 254 ಹೊಡೆದುಬಿಟ್ಟರು. ಜನ ಇವತ್ತಿಗೂ ನೆನೆಯುವುದು ಸಿಕ್ಸರ್‌ಗಳನ್ನೇ. ಬೌಲರ್‌ನ ಹಣೆಬರಹ.

ಬ್ಯಾಟ್ಸ್‌ಮನ್‌ ಸರದಿ ಬಂದದ್ದು 2000ದಲ್ಲಿ. ಕೆಂಟ್ ಪರ ಆಡಿದ ರಾಹುಲ್ ದ್ರಾವಿಡ್ ಪೋರ್ಟ್ಸ್‌ಮತ್‌ನಲ್ಲಿ ಹ್ಯಾಂಪ್‌ಷೈರ್‌ನ ಶೇನ್ ವಾರ್ನ್ ಎದುರು ನಿಂತು 137 ಮತ್ತು ಅಜೇಯ 73 ಗಳಿಸಿ ಪಂದ್ಯ ಗೆಲ್ಲಿಸಿದರು.

ಕರುಣ್ ನಾಯರ್ ಹೋಗಿದ್ದು ಬೇರೆ ಅವಸ್ಥೆಯಲ್ಲಿ. ಟೆಸ್ಟ್ ತ್ರಿಶತಕ ಹೊಡೆದಿದ್ದವರು ಕರ್ನಾಟಕ ತಂಡದಲ್ಲೂ ಜಾಗ ಕಳೆದುಕೊಂಡು ವಿದರ್ಭಕ್ಕೆ ಹೊರಟಿದ್ದರು. 2023ರ ಸೆಪ್ಟೆಂಬರ್‌ನಲ್ಲಿ, ಹಂಗಾಮು ಮುಗಿಯುವ ಹೊತ್ತಿಗೆ, ಕುಂಬ್ಳೆಯ ಅದೇ ನಾರ್ಥಾಂಪ್ಟನ್‌ಷೈರ್ ಅವರನ್ನು ಕರೆಯಿತು. ತಂಡ ತಳದಲ್ಲಿತ್ತು, ಎದುರಾಳಿ ಸರ್ರೆ ಆ ವರ್ಷದ ಚಾಂಪಿಯನ್. ಓವಲ್‌ನಲ್ಲಿ ನಾಯರ್ 150 ಹೊಡೆದರು. ಮರುವರ್ಷ ಗ್ಲಾಮರ್ಗನ್ ವಿರುದ್ಧ ಅಜೇಯ 202. 2025ರಲ್ಲಿ, ಎಂಟು ವರ್ಷಗಳ ಬಳಿಕ, ಮತ್ತೆ ಭಾರತದ ಟೆಸ್ಟ್ ತಂಡ ಸೇರಿದರು. ಇಂಗ್ಲೆಂಡ್ ವಿರುದ್ಧದ ಆ ಸರಣಿಯ ಕೊನೆಯ ಟೆಸ್ಟ್‌ನಲ್ಲಿ 57 ಹೊಡೆದದ್ದೂ ಅದೇ ಓವಲ್‌ನಲ್ಲಿ.